ಒಂದು ಗೇಣು ದೂರದ ಕಣ್ಣು

ನನ್ನ ಹೊಟ್ಟೆ ತುಂಬುವುದು ಹೋಲಿಕೆಯಿಂದ. ಮನೆಬಳಕೆ ಸಾಮಾನಿನ ದೊಡ್ಡ ಅಂಗಡಿಯೊಂದರ ಎರಡನೇ ಮಹಡಿಯಲ್ಲಿ, ಫ್ರಿಜ್ಜು ಮತ್ತು ವಾಷಿಂಗ್ ಮೆಷೀನುಗಳ ನಡುವೆ ಟೈ ಕಟ್ಟಿಕೊಂಡು ನಿಂತು, ಯಾವುದು ಎಷ್ಟು ಕರೆಂಟು ತಿನ್ನುತ್ತದೆ, ಯಾವುದು ಎಷ್ಟು ಕಾಲ ಬಾಳುತ್ತದೆ ಎಂದು ಬಂದವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಸ್ವಂತಕ್ಕೆ ಒಂದು ಫ್ರಿಜ್ಜೂ ಇಲ್ಲ. ನಾನಿರುವುದು ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿನ ಫ್ರಿಜ್ಜಿನ ಬಾಗಿಲು ಮಂಡಿಯಿಂದ ಗುದ್ದಿದರೆ ಮಾತ್ರ ಮುಚ್ಚುತ್ತದೆ. ಆದರೆ ಅಂಗಡಿಯಲ್ಲಿ ನನ್ನ ಮಾತು ಕೇಳಿದವರು ತಣ್ಣೀರನ್ನು ಕಂಡುಹಿಡಿದವನೇ ಇವನಿರಬೇಕು ಎಂದುಕೊಳ್ಳುತ್ತಾರೆ.

ಈ ಕಸುಬಿನಲ್ಲಿ ಕಲಿಯಬೇಕಾದ ವಿದ್ಯೆ ಒಂದೇ. ಗಿರಾಕಿಯ ಮುಂದೆ ಯಾವಾಗಲೂ ಮೂರು ಮಾದರಿ ಇಡಬೇಕು. ಒಂದು ನೋಡಿದರೆ ಪಾಪ ಎನ್ನಿಸುವಷ್ಟು ಸಾದಾ, ಇನ್ನೊಂದು ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುವಂಥದ್ದು, ನಡುವೆ ನಾವು ಮಾರಬೇಕೆಂದಿರುವುದು. ಗಿರಾಕಿ ತಲೆ ಕೆರೆದುಕೊಂಡು, ತಾನೇ ಲೆಕ್ಕ ಹಾಕಿ ಆರಿಸಿದೆ ಎಂಬ ಹೆಮ್ಮೆಯಿಂದ ನಡುವಿನದನ್ನು ಕೊಂಡುಹೋಗುತ್ತಾನೆ.

ಹೋದ ವರ್ಷ ಚಿಕ್ಕಮ್ಮನ ಕಣ್ಣಿಗೆ ಪೊರೆ ಬಂದಾಗ ಮನೆಯಲ್ಲಿ ನನಗೆ ಇದ್ದಕ್ಕಿದ್ದಂತೆ ಬೆಲೆ ಬಂದದ್ದು ಈ ವಿದ್ಯೆಯಿಂದಲೇ. "ಯಾವ ಚಿಕಿತ್ಸೆ, ಎಲ್ಲಿ, ಎಷ್ಟು ಅಂತ ನೀನೇ ನೋಡಿ ಹೇಳಪ್ಪ. ದಿನಾ ಇದೇ ತಾನೇ ನಿನ್ನ ಕೆಲಸ?" ಎಂದರು ಚಿಕ್ಕಪ್ಪ. ಕಣ್ಣಿಗೂ ಫ್ರಿಜ್ಜಿಗೂ ಏನಾದರೂ ವ್ಯತ್ಯಾಸವಿರಬಹುದು ಎಂದು ಆಗ ನನಗೂ ಹೊಳೆಯಲಿಲ್ಲ.

ಚಿಕ್ಕಮ್ಮ ರಫು ಕೆಲಸದವಳು. ನಮ್ಮ ರಸ್ತೆಯ ತಿರುವಿನಲ್ಲಿರುವ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಹಬೆ ತಲುಪದ ಮೂಲೆಯಲ್ಲಿ, ಕಿಟಕಿಯ ಕೆಳಗೆ ಅವಳ ಕುರ್ಚಿ. ಸಿಗರೇಟಿನ ಕಿಡಿ ತಾಗಿ ತೂತಾದ ಸೂಟು, ನುಸಿ ತಿಂದ ಉಣ್ಣೆಯ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಎಲ್ಲವೂ ಅವಳ ಮಡಿಲಿಗೆ ಬರುತ್ತವೆ. ಅವಳು ತೇಪೆ ಹಾಕುವುದಿಲ್ಲ. ಯಾರಾದರೂ ತೇಪೆ ಎಂದರೆ ಅವಳಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಎಳೆಯಾಗಿ ನೂಲು ಬಿಡಿಸಿಕೊಂಡು, ತೂತಿನ ಮೇಲೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಒಂದರ ಮೇಲೆ ಒಂದರ ಕೆಳಗೆ ಸೂಜಿ ಹಾಯಿಸಿ, ಮಗ್ಗ ಮೊದಲು ಹೇಗೆ ನೇಯ್ದಿತ್ತೋ ಹಾಗೆಯೇ ಮತ್ತೆ ನೇಯುತ್ತಾಳೆ. ಕೆಲಸ ಮುಗಿದ ಮೇಲೆ ತೂತು ಎಲ್ಲಿತ್ತೆಂದು ಬಟ್ಟೆಯ ಯಜಮಾನನೇ ಹುಡುಕಬೇಕು.

ಅದರಿಂದ ಜಗಳಗಳೂ ಆಗುತ್ತಿದ್ದವು. "ಏನ್ರೀ ಮಾಡಿದ್ದೀರಿ? ಇಲ್ಲಿ ತೂತೇ ಇಲ್ವಲ್ಲ, ಯಾವುದಕ್ಕೆ ದುಡ್ಡು ಕೊಡಲಿ?" ಎಂದು ಒಬ್ಬ ಲಾಂಡ್ರಿಯ ಯಜಮಾನರ ಮುಂದೆ ಮೇಜು ಕುಟ್ಟಿದ್ದನಂತೆ. ಅಂದಿನಿಂದ ಯಜಮಾನರು ಹೊಸ ಪದ್ಧತಿ ಮಾಡಿದರು. ಬಟ್ಟೆ ಬಂದ ಕೂಡಲೇ ಗಿರಾಕಿಯ ಎದುರಿಗೇ ತೂತಿನ ಸುತ್ತ ಸೀಮೆಸುಣ್ಣದ ಸುತ್ತು ಬರೆಯುವುದು. ಅದನ್ನು ಅಳಿಸುವುದು ಹಣ ಕೈಗೆ ಬಂದ ಮೇಲೆ. ಬಿಳಿಯ ಸುತ್ತಿನೊಳಗೆ ಏನೂ ಇಲ್ಲದ ಆ ಬಟ್ಟೆಯನ್ನು ಗಿರಾಕಿಗಳು ಕಣ್ಣರಳಿಸಿ ನೋಡುತ್ತಿದ್ದರು. ನಾನೂ ಎಷ್ಟೋ ಸಲ ಹಾಗೆ ನೋಡಿ ನಿಂತಿದ್ದೇನೆ.

ಇಷ್ಟೆಲ್ಲ ಮಾಡುವ ಚಿಕ್ಕಮ್ಮನಿಗೆ ತನ್ನ ಕಣ್ಣಿನ ಬಗ್ಗೆ ಮಾತ್ರ ಚೂರೂ ಗೌರವವಿರಲಿಲ್ಲ. ಚಿಕ್ಕಂದಿನಿಂದ ಅವಳದು ದಪ್ಪ ಗಾಜಿನ ಕನ್ನಡಕ. ಶಾಲೆಯಲ್ಲಿ ಅವಳ ಹೆಸರು ಸೋಡಾಬುಡ್ಡಿ. ಕನ್ನಡಕ ತೆಗೆದರೆ ಎದುರಿನ ಗೋಡೆಯೂ ಕರಗಿಹೋಗುತ್ತದೆ; ಆದರೆ ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದದ್ದು ಮಾತ್ರ ನಿಚ್ಚಳ. ಹಾಗಾಗಿ ಕನ್ನಡಕ ತಲೆಯ ಮೇಲೇರಿತೆಂದರೆ ಚಿಕ್ಕಮ್ಮ ಕೆಲಸಕ್ಕೆ ಕೂತಳೆಂದು ಅರ್ಥ. "ನಂದು ಹುಟ್ಟಾ ಕೆಟ್ಟ ಕಣ್ಣು. ದೇವರು ಕಣ್ಣು ಮಾಡೋವಾಗ ಯಾರೋ ಕರೆದಿರಬೇಕು, ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದಾನೆ" ಎನ್ನುತ್ತಿದ್ದಳು.

ಪೊರೆ ಶುರುವಾದಾಗ ಅವಳು ದೂರಿದ್ದು ಕಿಟಕಿಯನ್ನು. "ಈ ಗಾಜು ಒರೆಸೋರು ಯಾರೂ ಇಲ್ವಾ?" ಎಂದು ಯಜಮಾನರ ಮೇಲೆ ರೇಗಿದಳು. ಅವರು ಒರೆಸಿದರು. ಮರುದಿನವೂ ಒರೆಸಿದರು. ಕೊನೆಗೆ ಗಾಜನ್ನೇ ಬದಲಿಸಿದರು. ಹೊಸ ಗಾಜೂ ಮಬ್ಬಾಗಿ ಕಂಡಾಗ ಚಿಕ್ಕಮ್ಮ ಸುಮ್ಮನಾದಳು. ಕಪ್ಪು ಬಟ್ಟೆಗಳನ್ನು ಮುಟ್ಟುವುದನ್ನು ಬಿಟ್ಟಳು. ಆಮೇಲೆ ತೆಳು ನೇಯ್ಗೆಯವನ್ನು ಬಿಟ್ಟಳು. ಅವಳ ಕುರ್ಚಿಯ ಪಕ್ಕ ಸೀಮೆಸುಣ್ಣದ ಸುತ್ತು ಹೊತ್ತ ಬಟ್ಟೆಗಳ ರಾಶಿ ಎತ್ತರವಾಗುತ್ತ ಹೋಯಿತು. ಯಜಮಾನರು ಒಳ್ಳೆಯವರು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಗುಂಡಿ ಕಿತ್ತುಹೋದ ಶರ್ಟುಗಳನ್ನು ತಂದು ಅವಳ ಮುಂದಿಟ್ಟರು, ಅಷ್ಟೆ.

ಅವತ್ತು ಮನೆಗೆ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದಳು. "ಗುಂಡಿ ಕೊಟ್ಟಿದ್ದಾರೆ ನನಗೆ, ಗುಂಡಿ! ಎಳೆ ಕಾಣದೆ ಹೋದ್ರೆ ನಾನು ಯಾರೋ? ಗುಂಡಿ ಹೊಲಿಯೋದಕ್ಕೆ ನಾನೇ ಬೇಕಾ?"

ಆಗಲೇ ಚಿಕ್ಕಪ್ಪ ನನ್ನ ಕಡೆ ತಿರುಗಿದ್ದು.

ನಾನು ಹುರುಪಿನಿಂದ ಇಳಿದೆ. ಮೊದಲು ಎದುರುಮನೆಯಾಕೆ ಹೇಳಿದ, ಪೊರೆಯನ್ನು ಕರಗಿಸುತ್ತದೆಂಬ ಕಣ್ಣುಹನಿಯ ಬಾಟಲಿ. ಅಗ್ಗ, ನೋವಿಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತುವಂತಿಲ್ಲ. ಚಿಕ್ಕಮ್ಮ ಒಂದು ಬಾಟಲಿ ಪೂರ್ತಿ ಹಾಕಿಕೊಂಡಳು. ಕರಗಿದ್ದು ಬಾಟಲಿಯಲ್ಲಿದ್ದ ಹನಿ ಮಾತ್ರ. ಎರಡನೆಯದು ನಂಬರ್ ಬದಲಿಸಿದ ಕನ್ನಡಕ ಮತ್ತು ಪ್ರಖರವಾದ ದೀಪ. ಇದು ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆದರೆ ಕೆಲವು ತಿಂಗಳು ಮಾತ್ರ. ಆಮೇಲೆ ದೀಪ ಹೆಚ್ಚಿದಷ್ಟೂ ಕಣ್ಣೊಳಗೆ ಬೆಳಕೇ ಚೆಲ್ಲಾಡಿ ಎಳೆ ಮುಳುಗಿಹೋಗತೊಡಗಿತು. ಉಳಿದದ್ದು ಆಪರೇಷನ್: ಪೊರೆ ಬಂದ ಹಳೆಯ ಲೆನ್ಸನ್ನು ತೆಗೆದು ಹೊಸದನ್ನು ಕೂರಿಸುವುದು. ಬೇರೆ ದಾರಿಯೇ ಇಲ್ಲ ಎಂದು ಎಲ್ಲ ಡಾಕ್ಟರರೂ ಒಂದೇ ಮಾತು ಹೇಳಿದರು. ಯಾವ ಲೆನ್ಸು ಎಂಬಲ್ಲಿ ನನ್ನ ಪಾಂಡಿತ್ಯಕ್ಕೆ ಕೆಲಸ ಬಂತು.

ನಾನು ಅವಳನ್ನು ಮೊದಲು ಕರೆದುಕೊಂಡು ಹೋದದ್ದು ಪೇಟೆಯ ನಡುವಿನ, ಗಾಜಿನ ಬಾಗಿಲು ತಾನೇ ತೆರೆದುಕೊಳ್ಳುವ ಆಸ್ಪತ್ರೆಗೆ. ಅಲ್ಲಿ ಮೆತ್ತನೆಯ ಸೋಫಾ, ಮೆತ್ತನೆಯ ಮಾತು. ಸಲಹೆಗಾರ್ತಿಯೊಬ್ಬಳು ಪ್ಲಾಸ್ಟಿಕ್ಕಿನ ಕಣ್ಣೊಂದನ್ನು ಎರಡು ಹೋಳು ಮಾಡಿ ತೋರಿಸಿ, ಮೇಜಿನ ಮೇಲೆ ಮೂರು ಲೆನ್ಸಿನ ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಸಾದಾ. ಅದಕ್ಕಿಂತ ಮೇಲಿನದು. ಎಲ್ಲಕ್ಕಿಂತ ಮೇಲಿನದು. ಕೊನೆಯದರಲ್ಲಿ ದೂರವೂ ಕಾಣುತ್ತದೆ, ಪುಸ್ತಕವೂ ಕಾಣುತ್ತದೆ, ಕನ್ನಡಕದ ಹಂಗೇ ಇಲ್ಲ. ಬೆಲೆ ನನ್ನ ಆರು ತಿಂಗಳ ಸಂಬಳ. ಅವಳು ಡಬ್ಬಿಗಳನ್ನು ಇಟ್ಟ ರೀತಿ, ಇಡುವಾಗ ಕೊಟ್ಟ ಬಿಡುವು, ಮೊದಲನೆಯದನ್ನು ಹೇಳುವಾಗ ಇಳಿಸಿದ ದನಿ, ಎಲ್ಲವೂ ನಾನು ದಿನಕ್ಕೆ ಹತ್ತಾರು ಸಲ ಮಾಡುವುದೇ. ಗುರುತು ಹಿಡಿದೆನೇ? ಇಲ್ಲ. ಬಾಯಿ ತೆರೆದುಕೊಂಡು ಕೂತಿದ್ದೆ. "ನಡುವಿನದು ಪರವಾಗಿಲ್ಲ ಅನ್ಸುತ್ತೆ" ಎಂದು, ನಾನೇ ಲೆಕ್ಕ ಹಾಕಿ ಆರಿಸಿದವನ ಹೆಮ್ಮೆಯಿಂದ ಹೇಳಿದೆ.

ಮನೆಗೆ ಬಂದು ಚಿಕ್ಕಪ್ಪನಿಗೆ ವಿವರಿಸಲು ಊಟದ ಮೇಜಿನ ಮೇಲೆ ಮೂರು ಲೋಟ ಇಟ್ಟೆ. ಚಿಕ್ಕದು, ನಡುವಿನದು, ದೊಡ್ಡದು. ಚಿಕ್ಕಪ್ಪ ಬಸ್ ಡ್ರೈವರು. ಅವರ ಪಾಲಿಗೆ ಕಣ್ಣೆಂದರೆ ದೂರ. ಎದುರಿನ ಲಾರಿಯ ದೀಪ, ತಿರುವಿನ ಫಲಕ, ಮುಂದಿನ ನಿಲ್ದಾಣದಲ್ಲಿ ಕೈ ಎತ್ತಿದವನು. ಅವರು ದೊಡ್ಡ ಲೋಟದ ಮೇಲೆ ಕೈಯಿಟ್ಟುಬಿಟ್ಟರು.

"ಇದೇ ಇರಲಿ. ಮದುವೆಯಾದಾಗಿಂದ ಕನ್ನಡಕ ಇಲ್ಲದೆ ರಸ್ತೆಯ ಆಚೆ ಬದಿ ನಿಂತ ನನ್ನ ಒಂದು ದಿನ ಗುರುತು ಹಿಡಿದಿಲ್ಲ ಇವಳು. ಕೊನೆಗಾಲಕ್ಕಾದರೂ ಹಿಡೀಲಿ. ಸಾಲ ಆದ್ರೆ ಆಗಲಿ."

"ಯಾರ ಕೊನೆಗಾಲ?" ಎಂದಳು ಚಿಕ್ಕಮ್ಮ. ಆಮೇಲೆ ನಡುವಿನ ಲೋಟ ಎಳೆದುಕೊಂಡು ಅದಕ್ಕೆ ಟೀ ಬಗ್ಗಿಸಿಕೊಂಡಳು. "ಏನೋ, ಎರಡು ಅಂಗಡಿ ನೋಡದೆ ಯಾವುದೂ ತಗೋಬಾರದು ಅಂತ ನೀನೇ ಅಲ್ವಾ ಹೇಳೋದು?"

"ನಾನು ಹೇಳಲ್ಲ ಚಿಕ್ಕಮ್ಮ. ಗಿರಾಕಿಗಳು ಹೇಳ್ತಾರೆ. ಹೇಳಿದ ತಕ್ಷಣ ನಮಗೆ ಹೊಟ್ಟೆ ಉರಿಯುತ್ತೆ."

"ಹಾಗಾದ್ರೆ ಅದೇ ಸರಿ ಇರಬೇಕು. ಇನ್ನೊಂದು ಕಡೆ ನೋಡೋಣ."

ಇನ್ನೊಂದು ಕಡೆ ಎಂದರೆ ಬಸ್ ಡಿಪೋ ಹಿಂದಿನ ಟ್ರಸ್ಟ್ ಆಸ್ಪತ್ರೆ. ಅಲ್ಲಿ ಬಾಗಿಲನ್ನು ನಾವೇ ನೂಕಬೇಕು. ನೆಲದ ಮೇಲೆ ಬಣ್ಣದ ಬಾಣಗಳು, ಗೋಡೆಯುದ್ದಕ್ಕೂ ಮರದ ಬೆಂಚು, ಬೆಂಚಿನ ತುಂಬ ಒಂದು ಕಣ್ಣು ಮುಚ್ಚಿಕೊಂಡ ಜನ. ಎಲ್ಲರೂ ಸೇರಿ ನನಗೇ ಕಣ್ಣು ಹೊಡೆಯುತ್ತಿರುವಂತೆ ತೋರುತ್ತಿತ್ತು. ಬೆಲೆ ಗಾಜಿನ ಬಾಗಿಲಿನವರ ಕಾಲು ಭಾಗ. ನಮ್ಮ ಅಂಗಡಿಯಲ್ಲಿ ಅಷ್ಟು ಅಗ್ಗಕ್ಕೆ ಕೊಡುವುದು ಸೊಟ್ಟಗಾದ ಮಾಲನ್ನು ಮಾತ್ರ. ನನ್ನ ಮುಖ ಹುಳ್ಳಗಾಯಿತು.

ಕಣ್ಣಿನ ಅಳತೆ ತೆಗೆಯುವ ಹುಡುಗಿ ಚಿಕ್ಕಮ್ಮನನ್ನು ಯಂತ್ರದ ಮುಂದೆ ಕೂರಿಸಿ, ಗದ್ದ ಇಡಿಸಿ, ಏನೇನೋ ನೋಡಿ, ಹನಿ ಹಾಕುವ ಮೊದಲು ಬರೆದುಕೊಳ್ಳಲು ಪಕ್ಕಕ್ಕೆ ಬಂದಳು. ಅವಳ ಬಿಳಿ ಕೋಟಿನ ತೋಳು ಚಿಕ್ಕಮ್ಮನ ಮುಖದ ಹತ್ತಿರ ಹಾದುಹೋಯಿತು. ಅಷ್ಟು ಸಾಕಿತ್ತು. ಚಿಕ್ಕಮ್ಮನ ಕನ್ನಡಕ ತಲೆಗೇರಿತು, ಕೈ ತೋಳನ್ನು ಹಿಡಿದು ಮೂಗಿನ ಬಳಿ ಎಳೆದುಕೊಂಡಿತು.

"ಇದು ತೊಳೆದು ಸವೆದಿದ್ದಲ್ಲಮ್ಮ. ಮೇಜಿನ ಅಂಚಿಗೆ ದಿನಾ ಉಜ್ಜುತ್ತೀಯ. ಈಗಲೇ ನಾಲ್ಕು ಎಳೆ ಹಾಕಿದ್ರೆ ಉಳಿಯುತ್ತೆ."

ನಾನು ನಾಚಿ ನೆಲ ನೋಡಿದೆ. ಹುಡುಗಿ ಮಾತ್ರ ನಗಲಿಲ್ಲ, ತೋಳನ್ನೂ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಸ್ಕೇಲು ತೆಗೆದು, ಚಿಕ್ಕಮ್ಮನ ಕಣ್ಣಿನಿಂದ ತನ್ನ ತೋಳಿನವರೆಗೆ ಹಿಡಿದು ನೋಡಿದಳು.

"ಯಾವಾಗಲೂ ಇಷ್ಟೇ ಹತ್ತಿರಾನಾ ನೋಡೋದು? ಏನು ಕೆಲಸ ಮಾಡ್ತೀರಾ ಆಂಟಿ?"

ಗಾಜಿನ ಬಾಗಿಲಿನ ಆಸ್ಪತ್ರೆಯಲ್ಲಿ ಒಂದು ಇಡೀ ಬೆಳಗು ಕಳೆದಿದ್ದೆವು. ಹೆಸರು ಕೇಳಿದ್ದರು, ವಯಸ್ಸು ಕೇಳಿದ್ದರು, ವಿಮೆ ಇದೆಯೇ ಎಂದು ಎರಡು ಸಲ ಕೇಳಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದುಡಿಯುವ ಕಣ್ಣು ಇದು, ಇದು ಏನನ್ನು ನೋಡುತ್ತದೆ ಎಂದು ಜೊತೆಗಿದ್ದ ಮಹಾ ಪಂಡಿತನಿಗೂ ಹೊಳೆದಿರಲಿಲ್ಲ.

ಚಿಕ್ಕಮ್ಮ ಹೇಳಿದಳು. ಹುಡುಗಿ ಕೇಳಿಸಿಕೊಂಡು, ದುಂಡನೆಯ ಕಬ್ಬಿಣದ ಚೌಕಟ್ಟೊಂದನ್ನು ಅವಳ ಮೂಗಿನ ಮೇಲೇರಿಸಿ, ಹೆಚ್ಚು ಕೆಟ್ಟಿದ್ದ ಎಡಗಣ್ಣನ್ನು ಮುಚ್ಚಿ, ಇನ್ನೂ ಸುಮಾರಾಗಿ ಕಾಣುತ್ತಿದ್ದ ಬಲಗಣ್ಣಿಗೆ ಗಾಜಿನ ಮೇಲೆ ಗಾಜು ಹಾಕಿದಳು. "ಸಾಮಾನ್ಯವಾಗಿ ಲೆನ್ಸನ್ನ ದೂರಕ್ಕೆ ಹೊಂದಿಸ್ತಾರೆ. ಹಾಗೆ ಮಾಡಿದ್ರೆ ಆಮೇಲೆ ಕನ್ನಡಕ ಇಲ್ಲದೆ ಹೆಚ್ಚೂಕಮ್ಮಿ ಹೀಗೆ ಕಾಣುತ್ತೆ. ಹೊರಗೆ ನೋಡಿ."

ಪಡಸಾಲೆಯ ತುದಿಯಲ್ಲಿ ಚಿಕ್ಕಪ್ಪ ಕೈ ಬೀಸುತ್ತ ನಿಂತಿದ್ದರು. ಚಿಕ್ಕಮ್ಮನ ಮುಖ ಅರಳಿತು. "ಕಾಣ್ತಾರೆ! ಮೀಸೆ ಕೂಡ ಕಾಣ್ತಿದೆ!" ಚಿಕ್ಕಪ್ಪ ಮೀಸೆ ತೀಡಿಕೊಂಡರು.

"ಈಗ ಚೌಕಟ್ಟು ತೆಗೀದೆ ನಿಮ್ಮ ಕೈ ನೋಡಿಕೊಳ್ಳಿ."

ಚಿಕ್ಕಮ್ಮ ಕೈಯನ್ನು ರೂಢಿಯ ಜಾಗಕ್ಕೆ ತಂದಳು, ಒಂದು ಗೇಣು ದೂರಕ್ಕೆ. ಇನ್ನಷ್ಟು ಹತ್ತಿರ ತಂದಳು. ದೂರ ಒಯ್ದಳು. ಮತ್ತೆ ತಂದಳು. ಮುಖದ ಮೇಲಿನ ನಗು ಹಾಗೆಯೇ ನಿಂತುಹೋಯಿತು.

"ನನ್ನ ಬೆರಳು ಎಲ್ಲಿ ಹೋಯ್ತು?" ಎಂದಳು, ಯಾರೋ ಕದ್ದುಕೊಂಡು ಹೋಗಿದ್ದಾರೆ ಎಂಬ ಹಾಗೆ.

ಆಗ ನನಗೆ ಹೊಳೆಯಿತು. ನಾವು ಮೂರು ಜನ ಸೇರಿ, ಸಾಲ ಮಾಡಿ, ಪ್ರೀತಿಯಿಂದ, ಅವಳ ಕೆಲಸದ ಕಣ್ಣನ್ನು ಕಿತ್ತು ಹಾಕಿಸುವುದರಲ್ಲಿದ್ದೆವು. ಅವಳು ಜೀವಮಾನವೆಲ್ಲ ಕೆಟ್ಟ ಕಣ್ಣು ಎಂದು ಬೈದುಕೊಂಡದ್ದೇ ಅವಳ ಬಂಡವಾಳವಾಗಿತ್ತು. ಬೇರೆಯವರು ಭೂತಗಾಜು ಹಿಡಿದು ನೋಡುವುದನ್ನು ಅವಳು ಬರಿಗಣ್ಣಿನಲ್ಲಿ ನೋಡುತ್ತಿದ್ದಳು. ಅದನ್ನು ಅವಳೂ ತಿಳಿದಿರಲಿಲ್ಲ. ಎಲ್ಲರಿಗೂ ಹತ್ತಿರದ್ದು ಹಾಗೆಯೇ ಕಾಣುತ್ತದೆ, ತನಗೆ ಮಾತ್ರ ದೂರ ಕಾಣುವುದಿಲ್ಲ ಎಂದುಕೊಂಡಿದ್ದಳು.

"ಹತ್ತಿರಕ್ಕೆ ದಪ್ಪ ಕನ್ನಡಕ ಹಾಕಿಕೊಂಡ್ರೆ ಕಾಣುತ್ತೆ ಆಂಟಿ" ಎಂದಳು ಹುಡುಗಿ. "ದುಬಾರಿ ಲೆನ್ಸಲ್ಲಿ ಕನ್ನಡಕ ಇಲ್ಲದೆಯೂ ಹತ್ತಿರದ್ದು ಕಾಣುತ್ತೆ. ಆದ್ರೆ ಪುಸ್ತಕ ಹಿಡಿಯೋ ದೂರಕ್ಕೆ, ಇಷ್ಟು ಮೂಗಿನ ಹತ್ತಿರಕ್ಕಲ್ಲ."

ಚಿಕ್ಕಮ್ಮ ಚೌಕಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಒಂದು ಕೇಳ್ತೀನಿ, ನಗಬೇಡ. ನಂದೇ ಕಣ್ಣು, ಇದೇ ಕೆಟ್ಟ ಕಣ್ಣು, ಪೊರೆ ಮಾತ್ರ ಬೇಡ. ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ."

ನನ್ನ ಕಸುಬು ನಾಲಿಗೆಯ ತುದಿಗೆ ಓಡಿಬಂತು. "ಅದಕ್ಕೆ ಎಷ್ಟು ಜಾಸ್ತಿ?"

"ಜಾಸ್ತಿ ಏನೂ ಇಲ್ಲ. ಅದೇ ಸಾದಾ ಲೆನ್ಸು. ನಂಬರ್ ಬೇರೆ, ಅಷ್ಟೆ."

ಅದೇ ಸಾದಾ ಲೆನ್ಸು. ಲೆನ್ಸು ಯಾವ ದೇಶದ್ದು, ಮಡಚುತ್ತದೆಯೇ, ಎಷ್ಟು ವರ್ಷದ ಭರವಸೆ ಎಂದು ನಾನು ಕೆದಕಿ ಕೆದಕಿ ಕೇಳಿದ್ದೆ. ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬೆಲೆಯೇ ಇರಲಿಲ್ಲ. ಬೆಲೆ ಇಲ್ಲದ್ದರಿಂದ ನನ್ನ ಹೋಲಿಕೆಯೊಳಗೆ ಅದು ಬಂದೇ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಒಕ್ಕಣ್ಣಿನ ಜನರೆಲ್ಲ ಈ ಸಲ ನಿಜವಾಗಿಯೂ ನನಗೇ ಕಣ್ಣು ಹೊಡೆದಂತಾಯಿತು.

ಡಾಕ್ಟರಮ್ಮ ಚಿಕ್ಕ ಆಳು, ಚುರುಕು ಮಾತು. ಕಣ್ಣಿನ ಹಿಂಭಾಗದ ಪರದೆಯನ್ನು ಎರಡು ಸಲ ನೋಡಿದರು. ಇಂಥ ಕಣ್ಣುಗಳಲ್ಲಿ ಅದು ತೆಳುವಾಗಿರುತ್ತದಂತೆ, ಆಪರೇಷನ್ನಿನ ಮೊದಲೂ ಆಮೇಲೂ ಗಮನವಿಡಬೇಕಂತೆ. ನಾನು ಕೊನೆಯ ಪ್ರಯತ್ನವಾಗಿ, "ಆ ಆಸ್ಪತ್ರೆಗೂ ಇಲ್ಲಿಗೂ ಏನು ವ್ಯತ್ಯಾಸ ಮೇಡಂ?" ಎಂದೆ.

"ಅಲ್ಲಿ ಕಾಫಿ ಕೊಡ್ತಾರೆ" ಎಂದರು. ಆಮೇಲೆ ಗಂಭೀರವಾಗಿ, "ಅವರೂ ಒಳ್ಳೆ ಡಾಕ್ಟರೇ. ಆಪರೇಷನ್ ಎರಡೂ ಕಡೆ ಒಂದೇ. ದುಬಾರಿ ಲೆನ್ಸೂ ಮೋಸ ಅಲ್ಲ, ಎಷ್ಟೋ ಜನಕ್ಕೆ ಅದೇ ಸರಿ. ಇವರಿಗಲ್ಲ. ಅದು ಬಂದ ಬೆಳಕನ್ನ ದೂರಕ್ಕಿಷ್ಟು ಹತ್ತಿರಕ್ಕಿಷ್ಟು ಅಂತ ಹಂಚುತ್ತೆ. ಕಪ್ಪು ಬಟ್ಟೆ ಮೇಲೆ ಕಪ್ಪು ಎಳೆ ನೋಡೋರಿಗೆ ಪೂರ್ತಿ ಬೆಳಕು ಬೇಕು. ನಾನು ಒಂದು ಗೇಣಿಗೆ ಅಂತ ಲೆಕ್ಕ ಹಾಕ್ತೀನಿ. ಒಂದೆರಡು ಬೆರಳು ಆಚೀಚೆ ಆಗಬಹುದು, ಅದು ನನ್ನ ಕೈಲಿಲ್ಲ. ಹೆಚ್ಚು ತಪ್ಪಿದ್ರೆ ಕನ್ನಡಕ ಹಾಕಿಯೇ ಕೆಲಸ ಮಾಡಬೇಕು. ದೂರಕ್ಕಂತೂ ಜೀವನಪೂರ್ತಿ ಕನ್ನಡಕ ಬೇಕು. ಆಮೇಲೆ ನನ್ನ ಬೈಕೊಬೇಡಿ" ಎಂದರು.

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಅಲ್ಲ ಡಾಕ್ಟ್ರೇ, ದುಡ್ಡು ಕೊಟ್ಟು ದೃಷ್ಟಿದೋಷ ಹಾಕಿಸಿಕೊಳ್ಳೋದಾ?"

"ದೂರಕ್ಕೆ ಕನ್ನಡಕ ಇದೆಯಲ್ಲ" ಎಂದಳು ಚಿಕ್ಕಮ್ಮ. "ನೀವು ರಸ್ತೆ ದಾಟಿ ಈಚೆ ಬನ್ನಿ, ಗುರುತು ಹಿಡೀತೀನಿ." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಕಸುಬಿನವಳು ಕಸುಬಿನವಳನ್ನು ಕೇಳುವ ಹಾಗೆ, "ಹೊಲಿಗೆ ಎಷ್ಟು ಹಾಕ್ತೀರಿ?" ಎಂದಳು.

"ಹೊಲಿಗೆ ಇಲ್ಲ."

"ಕೊಯ್ಯಲ್ವಾ ಹಾಗಾದ್ರೆ?"

"ಕೊಯ್ತೀನಿ. ಅಕ್ಕಿಕಾಳಿಗಿಂತ ಚಿಕ್ಕದು. ನೇರ ಅಲ್ಲ, ಹೀಗೆ ಓರೆಯಾಗಿ." ಡಾಕ್ಟರಮ್ಮ ಒಂದು ಅಂಗೈಯ ಮೇಲೆ ಇನ್ನೊಂದನ್ನು ಜಾರಿಸಿ ತೋರಿಸಿದರು. "ಒಳಗಿನ ಒತ್ತಡಕ್ಕೆ ಎರಡು ಅಂಚೂ ಒಂದಕ್ಕೊಂದು ಅಂಟಿ ತಾನೇ ಮುಚ್ಚಿಕೊಳ್ಳುತ್ತೆ."

ಚಿಕ್ಕಮ್ಮ ಮನೆಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತನ್ನ ಒಂದು ಅಂಗೈಯ ಮೇಲೆ ಇನ್ನೊಂದನ್ನು ಜಾರಿಸುತ್ತ, ಮತ್ತೆ ಜಾರಿಸುತ್ತ ಬಂದಳು. ನಮ್ಮ ನಿಲ್ದಾಣ ಬರುವ ಹೊತ್ತಿಗೆ, ದೊಡ್ಡ ಗುಟ್ಟು ಹೇಳುವವಳಂತೆ ನನ್ನ ಕಡೆ ಬಾಗಿದಳು. "ಕತ್ತರಿಸಿ, ಹೊಲಿಗೇನೇ ಇಲ್ವಂತೆ ಕಣೋ!"

ಎಡಗಣ್ಣಿನ ಆಪರೇಷನ್ನಿನ ದಿನ ನನ್ನನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಮೇಲೊಂದು ಟಿ.ವಿ.; ಬೇಕಾದವರು ಒಳಗೆ ನಡೆಯುವುದನ್ನು ಅದರಲ್ಲಿ ನೋಡಬಹುದು. ಚಿಕ್ಕಪ್ಪ ಬೆನ್ನು ತಿರುಗಿಸಿ ಕೂತರು. ನಾನು ಬೆರಳಸಂದಿಯಿಂದ ಶುರುಮಾಡಿದೆ. ಪರದೆಯ ತುಂಬ ಚಿಕ್ಕಮ್ಮನ ಒಂದೇ ಕಣ್ಣು, ತಟ್ಟೆಯಷ್ಟು ದೊಡ್ಡದಾಗಿ, ಎಚ್ಚರವಾಗಿ. ಅದರ ನಡುವೆ ಬೆಲ್ಲದ ಬಣ್ಣದ ಮಬ್ಬು. ಕೂದಲಿನಷ್ಟು ತೆಳ್ಳನೆಯ ಉಪಕರಣವೊಂದು ಅಂಚಿನಿಂದ ಒಳಗೆ ಜಾರಿತು. ಪಾರದರ್ಶಕವಾದ ಒಂದು ತೆಳು ಪದರವನ್ನು ಅದು ದುಂಡಗೆ, ಬಳೆಯಷ್ಟು ದುಂಡಗೆ, ಹರಿಯದಂತೆ ಸುಲಿದು ತೆಗೆಯಿತು. ಮಬ್ಬು ಚೂರುಚೂರಾಗಿ ಉಪಕರಣದೊಳಗೆ ಸೇರಿಹೋಯಿತು. ಕೊನೆಗೆ ಸುರುಳಿ ಸುತ್ತಿದ ಲೆನ್ಸು ಆ ಅಕ್ಕಿಕಾಳಿನ ದಾರಿಯಲ್ಲೇ ಒಳಗೆ ಬಂದು, ಒಂದು ಗಳಿಗೆ ಸುಮ್ಮನಿದ್ದು, ಮಡಿಸಿಟ್ಟ ಬಟ್ಟೆ ತಾನೇ ಬಿಚ್ಚಿಕೊಳ್ಳುವಂತೆ ನಿಧಾನವಾಗಿ ಅಗಲವಾಗಿ, ಸುಕ್ಕಿಲ್ಲದೆ ತನ್ನ ಜಾಗದಲ್ಲಿ ಕೂತಿತು. ಉಪಕರಣ ಹೊರಗೆ ಬಂತು. ಕೊಯ್ದ ಜಾಗವನ್ನು ನಾನು ಹುಡುಕಿದೆ. ಸೀಮೆಸುಣ್ಣದ ಸುತ್ತೂ ಇಲ್ಲದಿದ್ದರಿಂದ ಸಿಗಲಿಲ್ಲ.

ನನ್ನ ಕೈ ಬಾಯಿಯ ಮೇಲೆ ಯಾವಾಗ ಬಂದಿತ್ತೋ ಗೊತ್ತಿಲ್ಲ. "ಮುಗೀತಾ?" ಎಂದರು ಚಿಕ್ಕಪ್ಪ, ಗೋಡೆಯನ್ನೇ ನೋಡುತ್ತ.

"ಒಂದು ವಾಷಿಂಗ್ ಮೆಷೀನಿನ ಪೈಪು ಹಾಕೋಕೆ ನಮ್ಮವರು ಇದಕ್ಕಿಂತ ಜಾಸ್ತಿ ಹೊತ್ತು ತಗೋತಾರೆ" ಎಂದೆ.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಚಿಕ್ಕಪ್ಪ ಕೋಣೆಯ ಬಾಗಿಲಲ್ಲಿ, ತಮ್ಮ ರೂಢಿಯಂತೆ ದೂರದಲ್ಲಿ, ನೆಟ್ಟಗೆ ನಿಂತಿದ್ದರು. ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಚಿಕ್ಕಮ್ಮ ಅತ್ತ ನೋಡಿದಳು.

"ನಾನು ಕಾಣ್ತೀನಾ?"

"ಇಲ್ಲ. ಕಂಬ ಇದ್ದ ಹಾಗಿದೆ."

ಲೆನ್ಸು ಹತ್ತಿರಕ್ಕೆಂದು ಗೊತ್ತಿದ್ದೂ ಚಿಕ್ಕಪ್ಪನ ಮುಖ ಇಳಿದುಹೋಯಿತು. ಒಂದು ಹೆಜ್ಜೆ ಮುಂದೆ ಬಂದರು. "ಈಗ?" ಇಲ್ಲ. ಇನ್ನೊಂದು ಹೆಜ್ಜೆ. ಇಲ್ಲ. ಮಂಚದ ಅಂಚಿಗೆ ಬಂದರು, ಬಾಗಿದರು, ಇನ್ನೂ ಬಾಗಿದರು. ಮೂಗಿಗೂ ಮೂಗಿಗೂ ಒಂದು ಗೇಣು ಉಳಿದಾಗ ಚಿಕ್ಕಮ್ಮ ಕೈ ಎತ್ತಿ, ಅಲ್ಲೇ ನಿಲ್ಲಿ ಎಂಬಂತೆ ಅವರ ಕೆನ್ನೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಕಿವಿ ಮೇಲೆ ಇಷ್ಟುದ್ದ ಕೂದಲು ಬೆಳೆಸಿಕೊಂಡು ಓಡಾಡ್ತೀರಲ್ಲ, ಕತ್ತರಿಸಿಕೊಳ್ಳೋಕೇನು?"

ಚಿಕ್ಕಪ್ಪ ನಕ್ಕರೋ ಅತ್ತರೋ, ಅವರು ನನ್ನ ಕಡೆ ಬೆನ್ನು ಮಾಡಿದ್ದರಿಂದ ಕಾಣಲಿಲ್ಲ. ಚಿಕ್ಕಮ್ಮ ಆಗಲೇ ಹೊದಿಕೆಯ ಅಂಚನ್ನು ಕಣ್ಣಿನ ಬಳಿ ಹಿಡಿದಿದ್ದಳು. "ಎಳೆ ಕಾಣ್ತಿದೆ" ಎಂದಳು. ಆಮೇಲೆ ಇನ್ನೂ ಹತ್ತಿರ ತಂದು, "ಎಳೆಯೊಳಗಿನ ಎಳೆ ಕಾಣ್ತಿದೆ ಕಣೋ. ಎರಡು ಸೇರಿಸಿ ಹುರಿ ಮಾಡಿದ್ದಾರೆ. ಹುರಿ ಎಡಕ್ಕೆ ತಿರುಗಿದೆ." ಡಾಕ್ಟರಮ್ಮ ಅಳೆದು ನೋಡಿದರು. ಗೇಣಿಗೆ ಒಂದು ಬೆರಳಗಲ ಕಡಿಮೆ. "ಅಷ್ಟು ನಾನು ಬಗ್ಗುತ್ತೀನಿ ಬಿಡಿ" ಎಂದಳು ಚಿಕ್ಕಮ್ಮ.

ಸೂಜಿ ಮುಟ್ಟಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲಿನ ಮೊದಲ ಭಾನುವಾರ. ಚಿಕ್ಕಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ತಮ್ಮ ಡ್ರೈವರ್ ಕೋಟನ್ನು ಕುರ್ಚಿಗೆ ಹಾಕಿದರು. ಕಡುನೀಲಿ ಕೋಟು, ಹಳೆಯದು. ಚಿಕ್ಕಮ್ಮ ದಾಟಿಹೋಗುವವಳು ನಿಂತಳು. ಕೋಟನ್ನು ಎತ್ತಿಕೊಂಡು ಕಿಟಕಿಗೆ ಹೋಗಿ, ಬೆನ್ನಿನ ಭಾಗವನ್ನು ಕಣ್ಣಿನ ಹತ್ತಿರ ತಂದಳು. ಬಲಗಣ್ಣು ಮುಚ್ಚಿದಳು. ಎಡಗಣ್ಣು ಮುಚ್ಚಿದಳು. ಮತ್ತೆ ಬಲಗಣ್ಣು.

"ಇದು ಯಾರು ಮಾಡಿದ್ದು?"

ಚಿಕ್ಕಪ್ಪ ಷೂ ಬಿಚ್ಚುವುದರಲ್ಲಿ ತುಂಬ ಮಗ್ನರಾದರು. ನಾನು ಫ್ರಿಜ್ಜಿನ ಬಾಗಿಲಿಗೆ ಮಂಡಿಯಿಂದ ಗುದ್ದಿದೆ, ಅದು ಮುಚ್ಚಿಕೊಂಡೇ ಇದ್ದರೂ.

ಮಾಡಿದವಳು ಅವಳೇ. ಸೀಟಿನ ಮೊಳೆಗೆ ಸಿಕ್ಕಿ ಹರಿದಿದ್ದ ಜಾಗ. ಗಿರಾಕಿಗಳ ಬಟ್ಟೆಯಾದರೆ ಅದರದೇ ಒಳಮಡಿಕೆಯ ನೂಲು ಇರುತ್ತದೆ, ಬಣ್ಣ ತಪ್ಪುವಂತಿಲ್ಲ. ಈ ಕೋಟಿನ ಒಳಮಡಿಕೆಯನ್ನು ಹಿಂದಿನ ರಿಪೇರಿಗಳೇ ತಿಂದು ಮುಗಿಸಿದ್ದರಿಂದ ತನ್ನ ಡಬ್ಬಿಯ ನೂಲು ಆರಿಸಿದ್ದಳು. ಬೆಲ್ಲದ ಬಣ್ಣದ ಪೊರೆಯ ಹಿಂದಿನಿಂದ ಅವಳಿಗೆ ಕಡುನೀಲಿಯೂ ಕಪ್ಪೂ ಒಂದೇ ಆಗಿತ್ತು. ನೀಲಿ ಬೆನ್ನಿನ ನಟ್ಟನಡುವೆ ಅಚ್ಚ ಕಪ್ಪು ನೂಲಿನ, ನೇಯ್ಗೆಯಲ್ಲಿ ಒಂದು ಎಳೆಯೂ ತಪ್ಪದ ಪಟ್ಟಿ. ಹಗಲಿನ ಬೆಳಕಿನಲ್ಲಿ ಬಸ್ಸಿನ ಕೊನೆಯ ಸೀಟಿನವರಿಗೂ ಕಾಣುವಂಥದ್ದು.

"ಈ ಕಣ್ಣಿಗೆ ಏನೂ ಇಲ್ಲ" ಎಂದಳು, ಬಲಗಣ್ಣಿನಿಂದ ನೋಡುತ್ತ. "ಈ ಕಣ್ಣಿಗೆ..." ಎಡಗಣ್ಣು ತೆರೆದಳು. "ಅಯ್ಯೋ! ಇಷ್ಟು ನೀಲಿ ಇದೆಯಾ ಈ ಕೋಟು?" ಮತ್ತೆ ಮುಚ್ಚಿದಳು, ತೆರೆದಳು. ಸಿಟ್ಟು ಬರಬೇಕಾದಲ್ಲಿ ಅವಳ ಮುಖದಲ್ಲಿ ಬೇರೇನೋ ಬಂದಿತ್ತು. ಕೋಟನ್ನು ಬಿಟ್ಟು ಕಿಟಕಿಯ ಹೊರಗೆ ನೋಡಿದಳು, ಎದುರುಮನೆಯ ಬಾಗಿಲು, ನೀರಿನ ಡ್ರಮ್ಮು, ಆಕಾಶ; ಒಂದೊಂದನ್ನೂ ಒಂದೊಂದು ಕಣ್ಣಿನಲ್ಲಿ. "ಎಷ್ಟು ದಿನದಿಂದ ಇದೆಲ್ಲ ಇಷ್ಟು ನೀಲಿಯಾಗಿತ್ತು? ಯಾಕೆ ಯಾರೂ ಹೇಳಲಿಲ್ಲ?"

ಬಣ್ಣ ಹೀಗಿದೆ ಎಂದು ಯಾರು ಯಾರಿಗೆ ಹೇಳುತ್ತಾರೆ?

ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದಳು. "ನಿಮಗೆ ಕಾಣ್ತಿತ್ತಲ್ಲ? ದೂರದ್ದೆಲ್ಲ ಕಾಣೋ ಕಣ್ಣು ನಿಮ್ಮದು. ಇದನ್ನ ಹಾಕ್ಕೊಂಡು ಊರೆಲ್ಲ ತಿರುಗಿದ್ರಾ?"

"ಬೆನ್ನ ಮೇಲೆ ತಾನೇ ಇರೋದು? ನನಗೆಲ್ಲಿ ಕಾಣುತ್ತೆ" ಎಂದರು ಚಿಕ್ಕಪ್ಪ. ಷೂ ಆಗಲೇ ಬಿಚ್ಚಿಯಾಗಿತ್ತು. ಸಾಕ್ಸಿನ ಜೊತೆ ಹೆಣಗುತ್ತಿದ್ದರು. "ತೂತು ಕಾಣಲ್ಲ ಅಂತ ನೀನಂದೆ. ಆಯ್ತಪ್ಪ, ಕಾಣಲ್ಲ ಅಂದುಕೊಂಡೆ."

ಚಿಕ್ಕಮ್ಮ ನೂಲಿನ ಡಬ್ಬಿ ತಂದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ನೀಲಿಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿಟ್ಟಳು. ಅಷ್ಟು ನೀಲಿಗಳಿವೆ ಎಂದು ನನಗೂ ಗೊತ್ತಿರಲಿಲ್ಲ. ಒಂದನ್ನು ಆರಿಸಿದಳು. ಕನ್ನಡಕ ತಲೆಗೇರಿತು. ಸೂಜಿಯ ತುದಿಯಿಂದ ತನ್ನದೇ ಹಳೆಯ ಕೆಲಸದ ಕಪ್ಪು ಎಳೆಯೊಂದನ್ನು ಎತ್ತಿ, ಸುತ್ತಲಿನದು ಅಲುಗದಂತೆ ಎಳೆದು ತೆಗೆದು, ಅದು ಖಾಲಿ ಮಾಡಿದ ದಾರಿಯಲ್ಲೇ ನೀಲಿಯನ್ನು ಹಾಯಿಸಿದಳು. ಮೇಲೆ, ಕೆಳಗೆ, ಮೇಲೆ.

ನಾನು ಬೆಲೆಚೀಟಿಯ ಸಣ್ಣ ಅಕ್ಷರ ಓದಲು ಜೇಬಿನಲ್ಲಿಟ್ಟುಕೊಳ್ಳುವ ಭೂತಗಾಜನ್ನು ತೆಗೆದು ಅವಳ ಭುಜದ ಮೇಲಿಂದ ಬಾಗಿದೆ. ಗಾಜಿನೊಳಗೆ ಕೋಟು ಕೋಟಾಗಿರಲಿಲ್ಲ. ಹಗ್ಗಗಳ ಬಯಲು, ಸಾವಿರ ಹಗ್ಗಗಳು ಹುರಿಹುರಿಯಾಗಿ ಒಂದರ ಕೆಳಗೊಂದು ನುಸುಳಿ ಏಳುತ್ತಿದ್ದವು. ಅವುಗಳ ನಡುವೆ ಕಬ್ಬಿಣದ ಕಂಬದಂಥ ಸೂಜಿಯ ತುದಿ ಬಂತು, ಯಾವುದನ್ನೂ ನೋಯಿಸದೆ ಸರಿಯಾದ ಒಂದನ್ನು ಮಾತ್ರ ಎತ್ತಿತು, ಹಾದುಹೋಯಿತು. ಗಾಜು ತೆಗೆದು ನೋಡಿದೆ: ಒಂದು ಹಳೆಯ ಕೋಟು, ಅದರ ಮೇಲೆ ಸುಮ್ಮನೆ ಆಡುತ್ತಿರುವಂತೆ ತೋರುವ ಬೆರಳು. ಮತ್ತೆ ಗಾಜು ಹಿಡಿದೆ. ಮತ್ತೆ ಆ ಬಯಲು. ಅವಳು ದಿನವೂ ಹೋಗಿ ಕೂರುವ ಜಾಗ ಅದು. ಅಲ್ಲಿಂದ ಅವಳನ್ನು ಹೊರಗೆ ಹಾಕಲು ಆರು ತಿಂಗಳ ಸಂಬಳ ಕೊಡುವುದರಲ್ಲಿದ್ದೆವು.

"ಈ ಬಲಗಣ್ಣಿಗೂ ಇದೇ ನಂಬರ್ ಹಾಕಿ ಅಂತ ಹೇಳಿಬಿಡು ಅವರಿಗೆ" ಎಂದಳು ಚಿಕ್ಕಮ್ಮ, ತಲೆ ಎತ್ತದೆ.

"ಹೇಳ್ತೀನಿ."

"ಮತ್ತೆ ಅಳತೆ ತೆಗೆದ ಆ ಹುಡುಗಿಗೆ ಬಿಳಿ ಕೋಟು ಕೊಟ್ಟು ಕಳಿಸೋಕೆ ಹೇಳು. ತೋಳು ಹರಿಯೋ ಮುಂಚೆ."

"ಹೂಂ."

"ಇನ್ನು ಆಚೆ ಸರಿ. ಬೆಳಕಿಗೆ ಅಡ್ಡ ಬಂದಿದ್ದೀಯ."

ಸರಿದೆ.